ತಂತಿ ಸೇರಿತು, ಅಕ್ಷರ ಸೇರಲಿಲ್ಲ

ಕಾಶಿಯ ಗೋದೌಲಿಯಾ ಚೌಕದಿಂದ ಸ್ವಲ್ಪ ನಡೆದರೆ ಜಂಗಮವಾಡಿ ಮಠ. ಉತ್ತರ ಪ್ರದೇಶದ ಹಿಂದಿಯ ನಡುವೆ ಕನ್ನಡ ಕಿವಿಗೆ ಬೀಳುವ ಕೆಲವೇ ಜಾಗಗಳಲ್ಲಿ ಅದೂ ಒಂದು. 2020ರ ಫೆಬ್ರುವರಿ 16ರಂದು ಅಲ್ಲಿನ ವಿಶ್ವಾರಾಧ್ಯ ಗುರುಕುಲದ ಶತಮಾನೋತ್ಸವದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ವೀರಶೈವ ಗ್ರಂಥ ‘ಸಿದ್ಧಾಂತ ಶಿಖಾಮಣಿ’ಯ 19 ಭಾಷೆಗಳ ಅನುವಾದವನ್ನೂ ಅದರ ಮೊಬೈಲ್ ಆ್ಯಪನ್ನೂ ಬಿಡುಗಡೆ ಮಾಡಿದರು. ಗ್ರಂಥ ಒಂದೇ, ಭಾಷೆ ಹತ್ತೊಂಬತ್ತು, ಲಿಪಿಯೂ ಹಲವು. ಇಂಥ ಪುಸ್ತಕ ಓದುಗನ ಕೈಗೆ ಬರುವ ಮೊದಲು ಎಷ್ಟು ಕಂಪ್ಯೂಟರುಗಳ ಬಾಗಿಲು ತಟ್ಟಿ ಬರಬೇಕು ಎಂಬುದು ಪ್ರಕಾಶನದ ಕೆಲಸ ಮಾಡಿದವರಿಗೆ ಗೊತ್ತು. ಅನುವಾದಕ ಒಂದು ಊರಿನಲ್ಲಿ, ಅಕ್ಷರ ಜೋಡಿಸುವವ ಇನ್ನೊಂದು ಊರಿನಲ್ಲಿ, ಪ್ರೆಸ್ಸು ಮತ್ತೊಂದರಲ್ಲಿ.

ಕಾಶಿಗೆ ಅಚ್ಚಿನ ಕೆಲಸ ಹೊಸದಲ್ಲ. ಚೌಖಂಬಾದ ಸಂಸ್ಕೃತ ಪುಸ್ತಕಗಳು 19ನೇ ಶತಮಾನದ ಕೊನೆಯಿಂದ ದೇಶವೆಲ್ಲ ಹರಡಿವೆ. ಶಿವಪ್ರಸಾದ ಗುಪ್ತರ ‘ಆಜ್’ ದಿನಪತ್ರಿಕೆ 1920ರಲ್ಲಿ ಶುರುವಾಯಿತು. ಸೀಸದ ಮೊಳೆ ಹೋಗಿ ಡಿಟಿಪಿ ಬಂದಾಗ ಆ ಹೊಸ ವಿದ್ಯೆಯ ಮೂಲಯಂತ್ರ ಮ್ಯಾಕಿಂತೋಷ್. 1985ರಲ್ಲಿ ಆಪಲ್‌ನ ಲೇಸರ್‌ರೈಟರ್ ಪ್ರಿಂಟರೂ ಆಲ್ಡಸ್ ಕಂಪನಿಯ ಪೇಜ್‌ಮೇಕರೂ ಒಟ್ಟಿಗೆ ಬಂದು ಮುದ್ರಣದ ಜಗತ್ತನ್ನೇ ತಿರುಗಿಸಿದವು. ನಮ್ಮ ದೇಶದಲ್ಲಿ ಮ್ಯಾಕ್ ದುಬಾರಿ. ಪತ್ರಿಕಾ ಕಚೇರಿ, ಜಾಹೀರಾತು ಸಂಸ್ಥೆ, ಬಣ್ಣದ ಸ್ಕ್ಯಾನಿಂಗ್ ಮಾಡುವ ಅಂಗಡಿಗಳು ಅದನ್ನು ಕೊಂಡವು. ಸಣ್ಣ ಪ್ರೆಸ್ಸುಗಳು ಜೋಡಿಸಿದ ಪಿಸಿಯಲ್ಲೇ ಕೆಲಸ ತೂಗಿಸಿದವು. ಮುಂದೆ ಬಹುತೇಕ ಎಲ್ಲರೂ ವಿಂಡೋಸ್‌ಗೆ ಬಂದರು. ಆದರೆ ಹದಿನೈದು ಇಪ್ಪತ್ತು ವರ್ಷಗಳ ಪುಸ್ತಕಗಳು, ಮುಖಪುಟಗಳು, ಬ್ಲಾಕುಗಳು ಮೂಲೆಯಲ್ಲಿ ಧೂಳು ಹಿಡಿದ ಪವರ್ ಮ್ಯಾಕಿನಲ್ಲೋ ಬಣ್ಣದ ಐಮ್ಯಾಕಿನಲ್ಲೋ ಉಳಿದುಬಿಟ್ಟವು. ಮರುಮುದ್ರಣದ ಮಾತು ಬಂದ ದಿನ ಅದರ ನೆನಪಾಗುತ್ತದೆ. ಪಕ್ಕದ ಮೇಜಿನ ವಿಂಡೋಸ್ 11 ಯಂತ್ರಕ್ಕೂ ಇದಕ್ಕೂ ಮಾತು ಬೆಳೆಸುವುದು ಹೇಗೆ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಎರಡನ್ನು ಜೋಡಿಸಿ ದಿನಾ ಫೈಲು ಹಂಚಿಕೊಳ್ಳುವ ಏರ್ಪಾಡು ಇಂದು ಯಾರಿಗೂ ಬೇಡ. ಬೇಕಾದದ್ದು ಒಂದೇ ಸಲದ ಸಾಗಣೆ. ಒಳಗಿರುವುದನ್ನೆಲ್ಲ ಕೆಡದಂತೆ ಹೊರತರಬೇಕು, ಅಷ್ಟೆ. ಈ ಗುರಿ ಸ್ಪಷ್ಟವಾದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ. ಕಷ್ಟ ಇರುವ ಜಾಗವೂ ಬೇರೆ. ತಂತಿ ಸೇರಿಸುವುದು ಸುಲಭ, ಮಾತಿನ ನಿಯಮ ಹೊಂದಿಸುವುದು ಸ್ವಲ್ಪ ತ್ರಾಸು. ನಿಜವಾಗಿ ಕಳೆದುಹೋಗುವುದು ಫೈಲಿನ ಒಳಗಿನ ಅಕ್ಷರ. ಅದೂ ನಮ್ಮ ಭಾಷೆಗಳ ಅಕ್ಷರ.

ತಂತಿಯ ವಿಷಯ ಬೇಗ ಮುಗಿಸೋಣ. 1998ರ ಮೊದಲ ಐಮ್ಯಾಕಿನಿಂದ ಮುಂದಿನ ಬಹುತೇಕ ಮ್ಯಾಕುಗಳಲ್ಲಿ ನಮಗೆ ಪರಿಚಿತವಾದ ಈಥರ್ನೆಟ್ ಕಿಂಡಿ ಇದೆ (ತೀರಾ ತೆಳು ಲ್ಯಾಪ್‌ಟಾಪುಗಳನ್ನು ಬಿಟ್ಟು). ಒಂದು ಕೇಬಲ್ ತಂದು ಎರಡು ಯಂತ್ರಗಳಿಗೂ ನೇರ ಚುಚ್ಚಿದರೆ ಸಾಕು, ರೂಟರ್ ಕೂಡ ಬೇಡ. ವಿಳಾಸ ಕೊಡುವವರು ಯಾರೂ ಇಲ್ಲದಾಗ ಎರಡೂ ತಮಗೆ ತಾವೇ 169.254 ಎಂದು ಶುರುವಾಗುವ ವಿಳಾಸ ಹಾಕಿಕೊಳ್ಳುತ್ತವೆ. ಇಂಟರ್ನೆಟ್ಟಿಗೆ ಸೇರದ ಈ ಎರಡೇ ಯಂತ್ರಗಳ ಜಾಲ ನಮ್ಮ ಕೆಲಸಕ್ಕೆ ಅತ್ಯುತ್ತಮ. ಏಕೆಂಬುದು ಮುಂದೆ ಗೊತ್ತಾಗುತ್ತದೆ. ವೈಫೈ ಆಸೆ ಬಿಡಿ. ಆಪಲ್‌ನ ಮೊದಲ ಏರ್‌ಪೋರ್ಟ್ ಕಾರ್ಡಿನ ವೇಗ ಸೆಕೆಂಡಿಗೆ 11 ಮೆಗಾಬಿಟ್. ಇಂದಿನ ರೂಟರುಗಳು ಕೇಳುವ ಡಬ್ಲ್ಯುಪಿಎ2 ಬೀಗ ಅದಕ್ಕೆ ತಿಳಿಯದು.

ಮಾತಿನ ನಿಯಮಕ್ಕೆ ಸ್ವಲ್ಪ ಇತಿಹಾಸ ಬೇಕು. 1980ರ ದಶಕದಲ್ಲಿ ಎರಡು ಪಂಗಡಗಳೂ ತಮ್ಮ ತಮ್ಮ ಭಾಷೆ ಕಟ್ಟಿಕೊಂಡವು. ಆಪಲ್‌ನದು ಆಪಲ್‌ಟಾಕ್, ಅದರ ಮೇಲೆ ಫೈಲು ಹಂಚಲು ಎಎಫ್‌ಪಿ. ಅತ್ತ ಐಬಿಎಂನಲ್ಲಿ ಬ್ಯಾರಿ ಫೈಗನ್‌ಬಾಮ್ 1983ರ ಹೊತ್ತಿಗೆ ರೂಪಿಸಿದ ಎಸ್‌ಎಂಬಿಯನ್ನು ಮೈಕ್ರೋಸಾಫ್ಟ್ ತನ್ನದಾಗಿಸಿಕೊಂಡಿತು. ಮೊದಲ ಮ್ಯಾಕುಗಳ ಲೋಕಲ್‌ಟಾಕ್ ತಂತಿಯಲ್ಲಿ ಸೆಕೆಂಡಿಗೆ 230 ಕಿಲೋಬಿಟ್ ಹರಿಯುತ್ತಿತ್ತು. 20 ಎಂಬಿಯ ಒಂದು ಬಣ್ಣದ ಚಿತ್ರ ದಾಟಲು ಹನ್ನೆರಡು ನಿಮಿಷ, ಅದೂ ಎಲ್ಲ ಸರಿಯಿದ್ದರೆ. ಎರಡು ಭಾಷೆಗಳನ್ನು ಹೊಂದಿಸಲು ಆಗ ಹಣ ಕೊಟ್ಟು ತಂತ್ರಾಂಶ ಕೊಳ್ಳಬೇಕಿತ್ತು. ಮ್ಯಾಕಿಗೆ ಎಸ್‌ಎಂಬಿ ಕಲಿಸುವ ಥರ್ಸ್‌ಬಿಯ ಡೇವ್, ವಿಂಡೋಸಿಗೆ ಆಪಲ್‌ಟಾಕ್ ಕಲಿಸುವ ಪಿಸಿ ಮ್ಯಾಕ್‌ಲ್ಯಾನ್ ಹೆಸರುಗಳು ಹಳಬರಿಗೆ ನೆನಪಿರಬಹುದು. ವಿಂಡೋಸ್ ಎನ್‌ಟಿ ಸರ್ವರಿನಲ್ಲಿ ಮ್ಯಾಕಿಗೆಂದೇ ಒಂದು ಸೇವೆ ಇತ್ತು. 2008ರ ಸರ್ವರಿನಲ್ಲಿ ಅದನ್ನು ತೆಗೆದರು.

ಈ ಕಥೆಯ ದೊಡ್ಡ ತಿರುವು ಕಂಪನಿಗಳಿಂದ ಬರಲಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ಸಂಶೋಧನಾ ವಿದ್ಯಾರ್ಥಿ 1990ರ ದಶಕದ ಆರಂಭದಲ್ಲಿ, ತಂತಿಯ ಮೇಲೆ ಹರಿಯುತ್ತಿದ್ದ ಮಾತನ್ನು ಕದ್ದು ಕೇಳಿಯೇ ನಿಯಮ ಊಹಿಸಿ, ಬರೆದ ಮುಕ್ತ ತಂತ್ರಾಂಶ ಸ್ಯಾಂಬಾ. ಆಪಲ್ ಅದನ್ನೇ ಎತ್ತಿಕೊಂಡಿತು. 2002ರ ಮ್ಯಾಕ್ ಓಎಸ್ ಟೆನ್ 10.2ರಲ್ಲಿ ‘ವಿಂಡೋಸ್ ಫೈಲ್ ಷೇರಿಂಗ್’ ಎಂಬ ಗುಂಡಿ ಬಂತು, ಒತ್ತಿದರೆ ಮ್ಯಾಕಿನ ಫೋಲ್ಡರು ವಿಂಡೋಸಿನ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿಂದ ಸುಮಾರು ಹದಿನೈದು ವರ್ಷ ಈ ಸಮಸ್ಯೆ ಬಹುಮಟ್ಟಿಗೆ ಬಗೆಹರಿದಂತೆಯೇ ಇತ್ತು. ಸ್ಯಾಂಬಾದ ಪರವಾನಗಿ ಬದಲಾದ ಮೇಲೆ ಆಪಲ್ 2011ರ ಲಯನ್‌ನಲ್ಲಿ ಅದನ್ನು ಬಿಟ್ಟು ತನ್ನದೇ ಎಸ್‌ಎಂಬಿ ಬರೆಯಿತು, 2013ರ ಮ್ಯಾವರಿಕ್ಸ್ (10.9) ಎರಡನೇ ತಲೆಮಾರಿನ ಎಸ್‌ಎಂಬಿಯನ್ನೇ ಮೊದಲ ಆಯ್ಕೆ ಮಾಡಿತು. ಆದ್ದರಿಂದ ನಿಮ್ಮ ಮ್ಯಾಕ್ 10.9 ಅಥವಾ ಅದಕ್ಕಿಂತ ಹೊಸದಾದರೆ ಹೆಚ್ಚು ಹೋರಾಟ ಇಲ್ಲ. ಸಿಸ್ಟಮ್ ಪ್ರಿಫರೆನ್ಸಸ್ (2022ರಿಂದ ಸಿಸ್ಟಮ್ ಸೆಟ್ಟಿಂಗ್ಸ್), ಷೇರಿಂಗ್, ಫೈಲ್ ಷೇರಿಂಗ್, ಆಪ್ಷನ್ಸ್. ಅಲ್ಲಿ ಎಸ್‌ಎಂಬಿಗೆ ಗುರುತು ಹಾಕಿ ಬಳಕೆದಾರನ ಹೆಸರಿನ ಮುಂದೂ ಗುರುತು ಹಾಕಬೇಕು. ಎರಡನೆಯ ಗುರುತನ್ನು ಮರೆತು ‘ಪಾಸ್‌ವರ್ಡ್ ತಪ್ಪು’ ಎಂಬ ಸಂದೇಶದ ಮುಂದೆ ಕೂತವರು ಬಹಳ. ವಿಂಡೋಸಿನ ಎಕ್ಸ್‌ಪ್ಲೋರರಿನಲ್ಲಿ ಹಿಮ್ಮುಖ ಓರೆಗೆರೆ ಎರಡು ಹಾಕಿ ಮ್ಯಾಕಿನ ಐಪಿ ವಿಳಾಸ ಬರೆದರೆ ಫೋಲ್ಡರು ತೆರೆಯುತ್ತದೆ. ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ತಾನಾಗಿ ಕಾಣಲಿ ಎಂದು ಕಾಯಬೇಡಿ.

ಅದಕ್ಕಿಂತ ಹಳೆಯ ಮ್ಯಾಕಿಗೆ ಬಾಗಿಲು ಮುಚ್ಚಿದ್ದು 2017ರಲ್ಲಿ. ಮೇ 12ರಂದು ಹಬ್ಬಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತು. ನಮ್ಮಲ್ಲಿ ಆಂಧ್ರಪ್ರದೇಶದ ಪೊಲೀಸರ ಯಂತ್ರಗಳೂ ಅದಕ್ಕೆ ತುತ್ತಾದವು. ಅದು ನುಗ್ಗಿದ ಬಿರುಕು ಮೊದಲ ತಲೆಮಾರಿನ ಎಸ್‌ಎಂಬಿಯದು, ಅಂದರೆ ಹಳೆಯ ಮ್ಯಾಕಿಗೆ ಬರುವ ಒಂದೇ ಒಂದು ವಿಂಡೋಸ್ ಮಾತಿನದು. ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಂಡವರು ಕಡಿಮೆ. ಆ ವರ್ಷದ ಕೊನೆಯ ವಿಂಡೋಸ್ 10ರ ಹೊಸ ಆವೃತ್ತಿಯಿಂದ ಹಳೆಯ ಎಸ್‌ಎಂಬಿಯನ್ನು ಕಳಚುತ್ತ ಬಂದರು. 2024ರ ವಿಂಡೋಸ್ 11 ಇನ್ನೂ ಬಿಗಿ: ಪಾಸ್‌ವರ್ಡ್ ಇಲ್ಲದ ಅತಿಥಿಗೆ ಪ್ರವೇಶವಿಲ್ಲ, ಪ್ರತಿ ಮಾತಿಗೂ ಡಿಜಿಟಲ್ ಸಹಿ ಕೇಳುತ್ತದೆ.

ಹಾಗಾಗಿ ರಿಪೇರಿ ಅಂಗಡಿಯ ಹುಡುಗ ಮೊದಲು ಮಾಡುವ ಕೆಲಸ, ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಎಸ್‌ಎಂಬಿ 1.0ಕ್ಕೆ ಗುರುತು ಹಾಕಿ ಮ್ಯಾಕ್ ಕಾಣುವಂತೆ ಮಾಡಿ ಕಾಸು ಎಣಿಸಿಕೊಂಡು ಹೋಗುವುದು. ಆ ಗುರುತಿನ ಜೊತೆಗೇ ‘ಆಟೊಮ್ಯಾಟಿಕ್ ರಿಮೂವಲ್’ ಎಂಬ ಇನ್ನೊಂದು ಗುರುತೂ ಬೀಳುತ್ತದೆ; ಹದಿನೈದು ದಿನ ಬಳಸದಿದ್ದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಕಿತ್ತುಹಾಕುತ್ತದೆ. ‘ಮೊನ್ನೆಯವರೆಗೆ ಕಾಣುತ್ತಿತ್ತು ಸಾರ್’ ಎಂಬ ದೂರಿನ ಗುಟ್ಟು ಇಲ್ಲಿದೆ. ಇಂಟರ್ನೆಟ್ ಇರುವ, ಲೆಕ್ಕಪತ್ರ ಇಟ್ಟ, ಬ್ಯಾಂಕ್ ವ್ಯವಹಾರ ಮಾಡುವ ಅಂಗಡಿಯ ಕಂಪ್ಯೂಟರಿನಲ್ಲಿ ಈ ಬಾಗಿಲು ತೆರೆದಿಡುವುದನ್ನು ನಾನು ಒಪ್ಪುವುದಿಲ್ಲ. ತೆರೆಯಲೇಬೇಕಾದರೆ ಮೊದಲು ಹೇಳಿದ ಎರಡೇ ಯಂತ್ರಗಳ ತಂತಿಯಲ್ಲಿ, ವೈಫೈ ಬಂದ್ ಮಾಡಿ, ಒಂದು ಮಧ್ಯಾಹ್ನದ ಮಟ್ಟಿಗೆ. ಕೆಲಸ ಮುಗಿದೊಡನೆ ಗುರುತು ತೆಗೆಯಬೇಕು.

ಅಡ್ಡದಾರಿಗಳೂ ಉಂಟು. ಮ್ಯಾಕ್ ಓಎಸ್ ಟೆನ್‌ನ ಹಳೆಯ ಆವೃತ್ತಿಗಳಲ್ಲಿ ಎಫ್‌ಟಿಪಿ ಸರ್ವರು ಒಂದು ಗುರುತಿನ ದೂರದಲ್ಲಿತ್ತು. ವಿಂಡೋಸಿನಿಂದ ಫೈಲ್‌ಝಿಲ್ಲಾ ಹಾಕಿ ಎಳೆದುಕೊಳ್ಳಬಹುದು. ವಿಂಡೋಸಿನಿಂದ ಮ್ಯಾಕಿಗೆ ಏನಾದರೂ ಕೊಡಬೇಕಿದ್ದರೆ ಪೈಥಾನಿನ ಒಂದೇ ಸಾಲಿನ ಆದೇಶದಲ್ಲಿ ಒಂದು ಫೋಲ್ಡರನ್ನು ಪುಟ್ಟ ವೆಬ್‌ಸೈಟ್ ಮಾಡಿಬಿಡಬಹುದು, ಮ್ಯಾಕಿನ ಎಷ್ಟೇ ಹಳೆಯ ಬ್ರೌಸರಾದರೂ ಅದನ್ನು ತೆರೆಯುತ್ತದೆ. ‘ಗೂಗಲ್ ಡ್ರೈವ್‌ಗೆ ಹಾಕಿದರಾಯಿತಲ್ಲ’ ಎನ್ನುವವರಿಗೆ: ಆ ಬ್ರೌಸರುಗಳಿಗೆ ಇಂದಿನ ಗೂಢಲಿಪಿಯ ವಿಧಾನ ಬಾರದು, ಲಾಗಿನ್ ಪುಟವೇ ತೆರೆಯದು. ಪೆನ್‌ಡ್ರೈವ್ ಇದ್ದೇ ಇದೆ. ಎಫ್‌ಎಟಿ 32 ಎಂದು ಫಾರ್ಮ್ಯಾಟ್ ಮಾಡಿದರೆ ಎರಡೂ ಓದಿ ಬರೆಯುತ್ತವೆ, 4 ಜಿಬಿ ಮೀರಿದ ಒಂದೇ ಫೈಲು ಮಾತ್ರ ಹಿಡಿಸದು. ಎಕ್ಸ್‌ಫ್ಯಾಟ್ 10.6.5ರ ಮೇಲಿನ ಮ್ಯಾಕಿಗೆ ಮಾತ್ರ.

‘ವಾಟ್ಸ್‌ಆ್ಯಪಿನಲ್ಲಿ ಕಳಿಸಿದರಾಯಿತಲ್ಲ’ ಎಂಬ ಸಲಹೆಗೆ ಬೇರೆಯೇ ಉತ್ತರ ಬೇಕು. ಜಂಗಮವಾಡಿಯ ಪಕ್ಕದ ಮದನಪುರ ಬನಾರಸಿ ಸೀರೆಯ ಕೇಂದ್ರ. ಅಲ್ಲಿನ ಮಗ್ಗಕ್ಕೆ ಬೀಳುವ ರೇಷ್ಮೆಯಲ್ಲಿ ನಮ್ಮ ಕರ್ನಾಟಕದ ನೂಲಿನ ಪಾಲು ದೊಡ್ಡದು. ನಕ್ಷೆಯನ್ನು ಈಗ ಕಂಪ್ಯೂಟರಿನಲ್ಲಿ ಬರೆದು ಜಕಾರ್ಡಿನ ರಟ್ಟುಗಳಿಗೆ ಇಳಿಸುತ್ತಾರೆ. ಅಂಥ ನಕ್ಷೆಯಲ್ಲಿ ಒಂದು ಚುಕ್ಕೆ ಎಂದರೆ ಒಂದು ಎಳೆಯ ಏಳುಬೀಳು. ಇಡೀ ಚಿತ್ರಕ್ಕೆ ನಾಲ್ಕೋ ಎಂಟೋ ಬಣ್ಣ. ಅದನ್ನು ಚಿತ್ರವಾಗಿ ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಅದು ಕುಗ್ಗಿಸಿ ಜೆಪೆಗ್ ಮಾಡುತ್ತದೆ, ಹೂವಿನ ಅಂಚಿನಲ್ಲಿ ನೂರಾರು ನಡುಬಣ್ಣಗಳು ಹುಟ್ಟಿಕೊಳ್ಳುತ್ತವೆ. ಮಗ್ಗಕ್ಕೆ ನಡುಬಣ್ಣ ಗೊತ್ತಿಲ್ಲ. ನಾಲ್ಕು ಬಣ್ಣದ ಅಚ್ಚಿನ ಫೈಲಿಗೂ ಇದೇ ಗತಿ. ಬಿಟ್ ಬಿಟ್ಟೂ ಇದ್ದಂತೆಯೇ ದಾಟಿಸುವ ದಾರಿ ಬೇಕಾಗುವುದು ಇದಕ್ಕೇ.

ಎಲ್ಲ ದಾರಿಗಳಲ್ಲಿ ನನಗೆ ಹಿಡಿಸಿದ್ದು ನಡುವೆ ಮೂರನೆಯ ಯಂತ್ರ ಕೂರಿಸುವುದು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರೋ, ಲಿನಕ್ಸ್ ಹಾಕಿದ ಹಳೆಯ ಪಿಸಿಯೋ ಸಾಕು. ಅದರಲ್ಲಿ ಎರಡು ತಂತ್ರಾಂಶ: ಸ್ಯಾಂಬಾ ಮತ್ತು ನೆಟಾಟಾಕ್. ಒಂದೇ ಫೋಲ್ಡರನ್ನು ಸ್ಯಾಂಬಾ ಹೊಸ ಎಸ್‌ಎಂಬಿಯಲ್ಲಿ ವಿಂಡೋಸಿಗೆ ತೋರಿಸುತ್ತದೆ, ನೆಟಾಟಾಕ್ ಎಎಫ್‌ಪಿಯಲ್ಲಿ ಮ್ಯಾಕಿಗೆ ತೋರಿಸುತ್ತದೆ. ಎರಡೂ ಭಾಷೆ ಬಲ್ಲ ದುಭಾಷಿ ನಡುವೆ ಕೂತಂತೆ, ಯಾರೂ ತಮ್ಮ ಬಾಗಿಲಿನ ಅಗುಳಿ ತೆಗೆಯಬೇಕಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ನೆಟಾಟಾಕ್ ನಡುವೆ ಆಪಲ್‌ಟಾಕನ್ನು ಕೈಬಿಟ್ಟಿತ್ತು. 2024ರ ನಾಲ್ಕನೇ ಆವೃತ್ತಿಯಲ್ಲಿ ಮತ್ತೆ ಸೇರಿಸಿದ್ದಾರೆ. ಅಂದರೆ 1990ರ ದಶಕದ ಮ್ಯಾಕಿಗೂ ಇಂದಿನ ವಿಂಡೋಸ್ 11ಕ್ಕೂ ನಡುವೆ ಈಗ, ಹತ್ತು ವರ್ಷದ ಹಿಂದಿಗಿಂತ ಒಳ್ಳೆಯ ಸೇತುವೆ ಇದೆ. ಆಪಲ್ಲಾಗಲಿ ಮೈಕ್ರೋಸಾಫ್ಟಾಗಲಿ ಇದಕ್ಕಾಗಿ ಬೆರಳೆತ್ತಲಿಲ್ಲ. ಹಳೆಯ ಯಂತ್ರಗಳ ಮೇಲೆ ಪ್ರೀತಿ ಇಟ್ಟ ಕೆಲವರು ಬಿಡುವಿನಲ್ಲಿ ಮಾಡಿದ್ದು.

ಇನ್ನು ಫೈಲಿನ ಒಳಗೆ. ಹಳೆಯ ಮ್ಯಾಕಿನಲ್ಲಿ ಒಂದು ಫೈಲು ಎಂದರೆ ಎರಡು ಭಾಗ: ಡೇಟಾ ಒಂದು ಕಡೆ, ‘ರಿಸೋರ್ಸ್ ಫೋರ್ಕ್’ ಇನ್ನೊಂದು ಕಡೆ. ವಿಂಡೋಸಿಗೆ ಎರಡನೆಯದರ ಕಲ್ಪನೆ ಇಲ್ಲ. ಸಾಮಾನ್ಯ ಚಿತ್ರಕ್ಕೋ ಪತ್ರಕ್ಕೋ ಇದರಿಂದ ನಷ್ಟವಿಲ್ಲ. ಆದರೆ ಅಂದಿನ ಮ್ಯಾಕಿನ ಪೋಸ್ಟ್‌ಸ್ಕ್ರಿಪ್ಟ್ ಟೈಪ್ 1 ಫಾಂಟುಗಳ ಪೂರ್ತಿ ಸರಕು ಇದ್ದದ್ದೇ ರಿಸೋರ್ಸ್ ಭಾಗದಲ್ಲಿ. ಪೆನ್‌ಡ್ರೈವಿಗೆ ಹಾಕಿ ವಿಂಡೋಸಿನಲ್ಲಿ ನೋಡಿದರೆ ಹೆಸರಿದೆ, ಗಾತ್ರ ಸೊನ್ನೆ. ಪಕ್ಕದಲ್ಲಿ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ ಅದೇ ಹೆಸರಿನ ಇನ್ನೊಂದು ಫೈಲು ಬಿದ್ದಿರುತ್ತದೆ. ಕಸವೆಂದು ಅಳಿಸಿದರೆ ಫಾಂಟು ಅಲ್ಲಿಗೆ ಮುಗಿಯಿತು. ಫಾಂಟು ಹೋದರೆ ಕ್ವಾರ್ಕ್ ಎಕ್ಸ್‌ಪ್ರೆಸ್‌ನಲ್ಲಿ ಕಟ್ಟಿದ ಪುಸ್ತಕ ಇದ್ದೂ ಇಲ್ಲ. ಇಂಥವನ್ನು ಮ್ಯಾಕಿನಲ್ಲೇ ಸ್ಟಫಿಟ್ಟಿನಿಂದ ಗಂಟು ಕಟ್ಟಿ ಆಮೇಲೆ ದಾಟಿಸುವುದು ಅಂದಿನವರ ಪದ್ಧತಿ, ಇಂದಿಗೂ ಅದೇ ಸರಿ. ಅಡೋಬಿ 2023ರ ಜನವರಿಯಲ್ಲಿ ಟೈಪ್ 1 ಫಾಂಟುಗಳ ಬೆಂಬಲವನ್ನೇ ನಿಲ್ಲಿಸಿದೆ. ಉಳಿಸಿಕೊಂಡರೂ ಅದನ್ನು ಬಳಸುವ ಜಾಗ ಕಿರಿದಾಗುತ್ತಿದೆ.

ಅದಕ್ಕಿಂತ ಆಳದ ತೊಂದರೆ ನಮ್ಮ ಲಿಪಿಗಳದು. ಯುನಿಕೋಡ್ ಬರುವ ಮೊದಲು ಹಿಂದಿಯ ಕೃತಿದೇವ್, ಚಾಣಕ್ಯ, ಕನ್ನಡದ ಶ್ರೀಲಿಪಿ, ಆಕೃತಿ, ನುಡಿ, ಬರಹ ಎಲ್ಲದರ ಫಾಂಟುಗಳೂ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸಿದ್ದವು. ಒಟ್ಟು 256 ಮನೆ. ಮೊದಲ 128 ಮನೆಗಳ ಹಂಚಿಕೆ ಎಲ್ಲ ಕಡೆ ಒಂದೇ. ಮೇಲಿನ 128ರಲ್ಲಿ ಮ್ಯಾಕಿನ ಲೆಕ್ಕವೇ ಬೇರೆ, ವಿಂಡೋಸಿನ ಲೆಕ್ಕವೇ ಬೇರೆ. ಫ್ರೆಂಚಿನ ಒತ್ತುಳ್ಳ ‘ಇ’ ಅಕ್ಷರ ಮ್ಯಾಕಿನಲ್ಲಿ 142ನೇ ಮನೆಯಲ್ಲಿದ್ದರೆ ವಿಂಡೋಸಿನಲ್ಲಿ 233ರಲ್ಲಿ. ಇಂಗ್ಲಿಷಿನವರಿಗೆ ಮೇಲಿನ ಮನೆಗಳು ಅಪರೂಪಕ್ಕೆ ಬೇಕು. ನಮಗೆ ಒತ್ತಕ್ಷರ, ಮಾತ್ರೆ ತುಂಬಿ ತುಳುಕುವುದು ಅಲ್ಲೇ. ಹೀಗಾಗಿ ಜಾಲ ಸರಿಯಿದೆ, ಬೈಟುಗಳು ಒಂದೂ ಬಿಡದೆ ಬಂದಿವೆ, ಅದೇ ಹೆಸರಿನ ಫಾಂಟೂ ಇದೆ. ಪುಟ ತೆರೆದರೆ ಅರ್ಧ ಅಕ್ಷರ ನೆಟ್ಟಗೆ, ಅರ್ಧ ಅಡ್ಡಾದಿಡ್ಡಿ. ಜಾಲವನ್ನು ದೂರಿ ಫಲವಿಲ್ಲ. ಪರಿವರ್ತಕ ತಂತ್ರಾಂಶಕ್ಕೆ ‘ಇದು ಮ್ಯಾಕಿನ ಪಠ್ಯ’ ಎಂದು ಮೊದಲು ಹೇಳಿ ಮನೆಗಳನ್ನು ಸರಿಹೊಂದಿಸಿ, ಆಮೇಲೆ ಆ ಫಾಂಟಿನ ನಕ್ಷೆ ಹಿಡಿದು ಯುನಿಕೋಡಿಗೆ ತರಬೇಕು. ಈ ಕ್ರಮ ತಿರುಗುಮುರುಗಾದರೆ ಕರಡು ತಿದ್ದುವವನ ಕಣ್ಣು ಹೋಗುತ್ತದೆ.

ಯುನಿಕೋಡ್ ಬಂದ ಮೇಲೆ ಎಲ್ಲ ಸಲೀಸು ಎನ್ನುವಂತಿಲ್ಲ. ಹಿಂದಿಗೆ ಮ್ಯಾಕ್ ಬೇಗ ಒಲಿಯಿತು. 1990ರ ದಶಕದ ‘ಇಂಡಿಯನ್ ಲ್ಯಾಂಗ್ವೇಜ್ ಕಿಟ್’ನಲ್ಲೇ ದೇವನಾಗರಿ, ಗುಜರಾತಿ, ಗುರುಮುಖಿ ಇದ್ದವು. ಕನ್ನಡಕ್ಕೆ ವಿಂಡೋಸ್ ಎಕ್ಸ್‌ಪಿ 2001ರಲ್ಲೇ ತುಂಗಾ ಫಾಂಟು ಕೊಟ್ಟಿತು. ಮ್ಯಾಕಿನೊಳಗೇ ಕನ್ನಡ ಫಾಂಟು ಬರಲು 2011ರ ಲಯನ್‌ವರೆಗೆ ಕಾಯಬೇಕಾಯಿತು. ಬಂದದ್ದಾದರೂ ಒಂದು ಕೊಕ್ಕೆಯೊಂದಿಗೆ. ಮ್ಯಾಕಿನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಫೈಲಿನ ಹೆಸರನ್ನು ಬಿಡಿಸಿ ಬರೆದುಕೊಳ್ಳುವ ಜಾತಿಯದು. ಕನ್ನಡದ ಗುಡಿಸಿನ ದೀರ್ಘವನ್ನು ಅದು ಗುಡಿಸು ಒಂದು, ದೀರ್ಘ ಒಂದು ಎಂದು ಎರಡಾಗಿ ಇಡುತ್ತದೆ. ಏತ್ವದ ದೀರ್ಘ, ಐತ್ವ, ಓತ್ವಗಳೂ ಹಾಗೆಯೇ ಒಡೆಯುತ್ತವೆ. ‘ವೀರಶೈವ’ ಎಂಬ ಹೆಸರಿನಲ್ಲಿ ಆರು ಸಂಕೇತಗಳಿದ್ದದ್ದು ಎಂಟಾಗುತ್ತದೆ. ‘ಸಿದ್ಧಾಂತ ಶಿಖಾಮಣಿ’ಗೆ ಮಾತ್ರ ಏನೂ ಆಗುವುದಿಲ್ಲ, ಅದರಲ್ಲಿ ಒಡೆಯುವ ಮಾತ್ರೆಯೇ ಇಲ್ಲ! ದೇವನಾಗರಿಯಲ್ಲಿ ಬರೆದ ಅದೇ ವೀರಶೈವವೂ ಇಡಿಯಾಗಿಯೇ ಉಳಿಯುತ್ತದೆ. ಆ ಲಿಪಿಯ ಮಾತ್ರೆಗಳನ್ನು ಯುನಿಕೋಡ್ ಒಡೆಯುವುದಿಲ್ಲ. ಆದ್ದರಿಂದ ಕಾಶಿಯ ಹಿಂದಿ ಕೆಲಸಗಾರನಿಗೆ ಅಪರೂಪಕ್ಕಷ್ಟೇ ಎದುರಾಗುವ ತೊಂದರೆ ಅದೇ ಕೋಣೆಯ ಕನ್ನಡದವನಿಗೆ ದಿನಾ ಎದುರಾಗುತ್ತದೆ, ಮತ್ತು ಅವನು ಹೇಳಿದರೆ ಯಾರೂ ನಂಬುವುದಿಲ್ಲ.

ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಜಿಪ್ ಮಾಡಿಯೋ ಆರ್‌ಸಿಂಕ್ ಎಂಬ ನಕಲು ತಂತ್ರಾಂಶದಿಂದಲೋ ವಿಂಡೋಸಿಗೆ ತಂದ ಮೇಲೆ ‘ವೀರಶೈವ’ ಎಂದು ಹುಡುಕಿದರೆ ಫೈಲು ಸಿಗದೆ ಹೋಗಬಹುದು, ಏಕೆಂದರೆ ನೀವು ಟೈಪಿಸಿದ್ದು ಇಡಿ, ಡಿಸ್ಕಿನಲ್ಲಿರುವುದು ಬಿಡಿ. ಒಂದೇ ಫೋಲ್ಡರಿನಲ್ಲಿ ಕಣ್ಣಿಗೆ ಒಂದೇ ಹೆಸರಿನ ಎರಡು ಫೈಲು ಕೂತಿರುವುದೂ ಉಂಟು. ಯಾವುದು ಕೊನೆಯ ಕರಡು ಎಂಬ ಜಗಳ ಅಲ್ಲಿಂದ ಶುರು. ಆರ್‌ಸಿಂಕ್‌ಗೆ ಇದನ್ನು ತಿದ್ದುವ ಆಯ್ಕೆ ಇದೆ, ಮ್ಯಾಕಿನ ಹೆಸರುಗಳೆಂದು ಹೇಳಿ ಕಳಿಸಿದರೆ ಜೋಡಿಸಿಯೇ ಬರೆಯುತ್ತದೆ. ಆಪಲ್ 2017ರಲ್ಲಿ ತಂದ ಹೊಸ ಡಿಸ್ಕ್ ವ್ಯವಸ್ಥೆ ಹೆಸರನ್ನು ಕೊಟ್ಟಂತೆಯೇ ಇಟ್ಟುಕೊಳ್ಳುತ್ತದೆ. ನಮ್ಮ ಪ್ರಶ್ನೆ ಅದರ ಹಿಂದಿನ ಯಂತ್ರಗಳದು.

ಹೆಸರಿನ ಇನ್ನೊಂದು ತಕರಾರು ಸಣ್ಣದು, ಆದರೆ ಸಾಗಣೆಯನ್ನು ನಡುದಾರಿಯಲ್ಲಿ ನಿಲ್ಲಿಸುವಂಥದು. ಮ್ಯಾಕಿನವರು ಫೈಲಿಗೆ ‘12/3/2004 ಕವರ್?’ ಎಂದು ಹೆಸರಿಡುತ್ತಿದ್ದರು. ಓರೆಗೆರೆ, ಪ್ರಶ್ನೆಚಿಹ್ನೆ, ನಕ್ಷತ್ರ, ಉದ್ಧರಣ ಚಿಹ್ನೆ ಯಾವುದೂ ವಿಂಡೋಸಿಗೆ ಆಗದು. ಹೆಸರಿನ ಕೊನೆಗೆ ಫೈಲಿನ ಬಗೆ ಹೇಳುವ ಬಾಲವೂ (ಎಕ್ಸ್‌ಟೆನ್ಷನ್) ಇರುತ್ತಿರಲಿಲ್ಲ, ಯಾವ ತಂತ್ರಾಂಶದ ಫೈಲು ಎಂಬುದನ್ನು ಹಳೆಯ ಮ್ಯಾಕ್ ಹೆಸರಿನ ಹೊರಗೆ ಗುಟ್ಟಾಗಿ ಬರೆದುಕೊಳ್ಳುತ್ತಿತ್ತು. ಅವನ್ನು ಮ್ಯಾಕಿನಲ್ಲಿರುವಾಗಲೇ ತಿದ್ದಿ ಬಾಲ ಸೇರಿಸಿಬಿಡುವುದು ಮೇಲು. ದಾಟಿದ ಮೇಲೆ ಯಾವುದು ಪೇಜ್‌ಮೇಕರಿನದು, ಯಾವುದು ಕ್ವಾರ್ಕಿನದು ಎಂದು ಊಹಿಸುತ್ತ ಕೂರಬೇಕಾಗುತ್ತದೆ.

ಶುರು ಮಾಡುವ ಮೊದಲು ಗಡಿಯಾರ ನೋಡಿ. ಹಳೆಯ ಮ್ಯಾಕಿನ ಒಳಗಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ ಅದು 1904ನೇ ಇಸವಿಯಲ್ಲೋ 1970ರಲ್ಲೋ ಎಚ್ಚರಗೊಳ್ಳುತ್ತದೆ, ಅಲ್ಲಿ ಆ ದಿನ ತಿದ್ದಿ ಉಳಿಸಿದ ಫೈಲುಗಳಿಗೆಲ್ಲ ಅದೇ ತಾರೀಕು ಬೀಳುತ್ತದೆ. ಕೈಯಾರೆ ದಿನಾಂಕ ಹಾಕಿ. ಆ ಬ್ಯಾಟರಿ ಸೋರಿ ಬೋರ್ಡನ್ನೇ ತಿನ್ನುವುದುಂಟು, ಹೊರತೆಗೆದಿಡಿ. ಮೊದಲು ಫಾಂಟುಗಳ ಫೋಲ್ಡರು ಗಂಟು ಕಟ್ಟಿ ದಾಟಿಸಿ, ಆಮೇಲೆ ಪುಸ್ತಕದ ಫೈಲುಗಳು, ಕೊನೆಗೆ ಚಿತ್ರಗಳು. ಅಷ್ಟಾದ ಮೇಲೆ ಮ್ಯಾಕಿನಲ್ಲಿ ಇನ್ನೂ ತೆರೆಯುವ ಪುಸ್ತಕಗಳನ್ನೆಲ್ಲ ಅಲ್ಲೇ ತೆರೆದು, ಫಾಂಟು ಒಳಗೇ ಸೇರಿದ ಪಿಡಿಎಫ್ ಮಾಡಿ ಅದನ್ನೂ ಕಳಿಸಿ. ಪರಿವರ್ತನೆಯಾದ ಪಠ್ಯದಲ್ಲಿ ಒತ್ತಕ್ಷರ ಎಲ್ಲಿ ಜಾರಿದೆ ಎಂದು ಕರಡು ತಿದ್ದುವವರು ಹೋಲಿಸಿ ನೋಡಲು ಆ ಪಿಡಿಎಫ್ ಒಂದೇ ಆಧಾರ.